ಡ್ರಿಲ್ಲಿಗೆ ಕೂರಿಸಿದ ಕ್ರಾಸ್ ವೈಸ್: ಹನ್ನೆರಡು ಹಿತ್ತಾಳೆ ಗಾರ್ಡುಗಳ ಪ್ರಕರಣ

ಹಿನ್ನೆಲೆ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಮುಳ್ಳೇರಿಯ ಕಡೆಯ ಅಡಕೆ ತೋಟಗಳ ನಡುವೆ ಇರುವ ಒಂದು ಕತ್ತಿ ಕೆಲಸದ ಶೆಡ್ಡಿನಲ್ಲಿ ನಡೆದದ್ದು ಇದು. ಹೆಸರು, ಮನೆತನ, ಗುರುತು ಹತ್ತುವ ಬೇರೆ ವಿವರ ಯಾವುದನ್ನೂ ಕೊಟ್ಟಿಲ್ಲ. ಶೆಡ್ಡು ನಡೆಸುವವರನ್ನು ಯಜಮಾನರು ಎಂದೂ ಜೊತೆಗೆ ದುಡಿಯುವ ಹುಡುಗನನ್ನು ಸಹಾಯಕ ಎಂದೂ ಕರೆದಿದೆ. ಅಳತೆ, ಕೆಲಸದ ಕ್ರಮ, ಆದ ತಪ್ಪುಗಳು ಇದ್ದ ಹಾಗೆಯೇ ಇವೆ.

ಶೆಡ್ಡಿನ ಮಾಮೂಲು ಕೆಲಸ ತೋಟದ ಕತ್ತಿ, ಮೆಟ್ಟುಕತ್ತಿ, ಅಡಕೆ ಸುಲಿಯುವ ಕತ್ತಿ. ಕಬ್ಬಿಣ ಗುಜರಿಯಿಂದ ಬರುವ ಲಾರಿ ಪ್ಲೇಟು, ಅಂದರೆ ಲಾರಿ ಸ್ಪ್ರಿಂಗಿನ ಪಟ್ಟಿ; ಬೆಂಕಿ ಗೆರಟೆ ಇದ್ದಿಲಿನದು. ಇಂಥ ಕತ್ತಿಗಳಿಗೆ ಡ್ರಿಲ್ಲು ಬೇಕಾಗುವುದೇ ಇಲ್ಲ. ಬಾಲವನ್ನು ಕೆಂಪಗೆ ಕಾಯಿಸಿ ಹಿಡಿಗೆ ಹೊಡೆದು ಕೂರಿಸಿ, ಬಾಯಿಗೊಂದು ಬಳೆ ಹಾಕಿದರೆ ಮುಗಿಯಿತು. ಬಾಲ ಹಿಡಿಯೊಳಗಿನ ಮರವನ್ನು ಸುಟ್ಟುಕೊಂಡು ತನ್ನ ಜಾಗವನ್ನು ತಾನೇ ಮಾಡಿಕೊಳ್ಳುತ್ತದೆ.

ಬೇರೆ ತರಹದ ಆರ್ಡರು ಬಂದಾಗ ಈ ಲೆಕ್ಕ ತಪ್ಪಿತು. ಹಿತ್ತಾಳೆ ಗಾರ್ಡು ಇರುವ ಹನ್ನೆರಡು ಚೂರಿ, ಜೊತೆಗೆ ಎರಡು ಬದಿಗೂ ಮರದ ಹಲಗೆ ಇಟ್ಟು ಪಿನ್ನು ಹೊಡೆಯುವ ಆರು ಅಡುಗೆಮನೆ ಚೂರಿ. ಗಾರ್ಡು ಎಂದರೆ ಬ್ಲೇಡಿಗೂ ಹಿಡಿಗೂ ನಡುವೆ ನಿಲ್ಲುವ ಹಿತ್ತಾಳೆ ತುಂಡು. ಅದರ ನಡುವೆ ಒಂದು ಉದ್ದನೆಯ ಸ್ಲಾಟು ಇರುತ್ತದೆ. ಚೂರಿಯ ಬಾಲ ಅದರೊಳಗೆ ತೂರಿ ಹಿಡಿಗೆ ಹೋಗುತ್ತದೆ. ಈ ಆರ್ಡರಿನಲ್ಲಿ ಗಾರ್ಡಿನ ದಪ್ಪ 8 ಮಿ.ಮೀ., ಬಾಲದ ದಪ್ಪ 4 ಮಿ.ಮೀ., ಬಾಲದ ಅಗಲ 19 ಮಿ.ಮೀ. ಅಂದರೆ ಸ್ಲಾಟು 4 ಕ್ಕೆ 19. ಬ್ಲೇಡಿಗೂ ಸ್ಲಾಟಿಗೂ ನಡುವೆ ಕೂದಲೆಳೆಯಷ್ಟು ಸಂದಿ ಉಳಿದರೂ ಕಣ್ಣಿಗೆ ಹೊಡೆಯುತ್ತದೆ. ಕಣ್ಣಿನ ಮಾತು ಹಾಗಿರಲಿ, ಜೂನ್‌ನಿಂದ ಸೆಪ್ಟೆಂಬರಿನವರೆಗೆ ನಮ್ಮ ಕಡೆಯ ಮಳೆಗೆ ಆ ಸಂದಿಯಲ್ಲಿ ನಿಂತ ನೀರು ಬಾಲವನ್ನು ಒಳಗಿಂದ ತಿನ್ನುತ್ತದೆ. ಹಿಡಿ ಬಿಚ್ಚದೆ ಆ ತುಕ್ಕು ಕಾಣುವುದಿಲ್ಲ.

ಶೆಡ್ಡಿನಲ್ಲಿ 13 ಮಿ.ಮೀ. ಚಕ್ಕಿನ, ಮೇಜಿನ ಮೇಲೆ ಇಡುವ ಡ್ರಿಲ್ಲಿಂಗ್ ಮೆಷಿನ್ ಒಂದಿತ್ತು. ಚಕ್ಕು ಎಂದರೆ ಬಿಟ್ಟನ್ನು, ಅಂದರೆ ಕೊರೆಯುವ ಸಲಾಕೆಯನ್ನು, ಕಚ್ಚಿ ಹಿಡಿಯುವ ಭಾಗ; ಅದನ್ನು ತಿರುಗಿಸುವ ದಂಡ ಸ್ಪಿಂಡಲು. ತಿರುಗುವ ಹಲ್ಲಿನಿಂದ ಲೋಹವನ್ನು ಬದಿಗೆ ಕಡಿಯುವ ಮಿಲ್ಲಿಂಗ್ ಮೆಷಿನ್ ತರುವಷ್ಟು ಕೆಲಸವಾಗಲಿ ಜಾಗವಾಗಲಿ ಇರಲಿಲ್ಲ. ಹಾಗಾಗಿ 4 ಇಂಚಿನ ಕ್ರಾಸ್ ವೈಸ್ ತಂದರು. ವೈಸ್ ಎಂದರೆ ಕೆಲಸದ ತುಂಡನ್ನು ಎರಡು ದವಡೆಗಳ ನಡುವೆ ಬಿಗಿದು ಹಿಡಿಯುವ ಸಾಧನ. ಇದರಲ್ಲಿ ಮಾಮೂಲಿ ವೈಸಿನ ಕೆಳಗೆ ಒಂದರ ಮೇಲೊಂದು ಎರಡು ಜಾರುವ ಸ್ಲೈಡು, ಎರಡಕ್ಕೂ ತಿರುಗಿಸುವ ಹಿಡಿಕೆ, ಹಿಡಿಕೆಯ ಬುಡದಲ್ಲಿ ಗೆರೆ ಹಾಕಿದ ಡಯಲು. ಒಂದು ಹಿಡಿಕೆ ಕೆಲಸವನ್ನು ಎಡಬಲಕ್ಕೆ ಸರಿಸುತ್ತದೆ, ಇನ್ನೊಂದು ಹಿಂದೆಮುಂದೆ. ನೋಡುವುದಕ್ಕೆ ಮಿಲ್ಲಿಂಗ್ ಮೆಷಿನಿನ ಮೇಜಿನದೇ ರೂಪ. ತೊಂದರೆ ಹುಟ್ಟಿದ್ದು ಆ ಹೋಲಿಕೆಯಿಂದಲೇ.

ಮೊದಲ ದಾರಿ ಮತ್ತು ಬಿದ್ದ ಚಕ್ಕು

ಯಜಮಾನರು ಹಾಕಿದ ಲೆಕ್ಕ ಸರಳ. ಚಕ್ಕಿಗೆ 4 ಮಿ.ಮೀ. ಎಂಡ್ ಮಿಲ್ (ತುದಿಯಲ್ಲೂ ಬದಿಯಲ್ಲೂ ಕಡಿಯುವ ಬಿಟ್ಟು) ಕಟ್ಟುವುದು, ಗಾರ್ಡಿನ ತುಂಡನ್ನು ವೈಸಿನಲ್ಲಿ ಹಿಡಿಯುವುದು, ಎಂಡ್ ಮಿಲ್ಲನ್ನು 1 ಮಿ.ಮೀ. ಇಳಿಸಿ ಹಿಡಿಕೆ ತಿರುಗಿಸುತ್ತಾ ಬದಿಗೆ ಸರಿಸುವುದು, ಮತ್ತೆ 1 ಮಿ.ಮೀ. ಇಳಿಸುವುದು. ಎಂಟು ಸಲಕ್ಕೆ ಸ್ಲಾಟು ಆರುಪಾರು.

ಮೊದಲ ಎರಡು ಪದರ ಚೆನ್ನಾಗಿಯೇ ಬಂದವು. ಮೂರನೆಯ ಪದರದಲ್ಲಿ ಮೆಷಿನು ಗರಗರ ಅಂದಿತು, ಚಕ್ಕು ಸ್ಪಿಂಡಲಿನಿಂದ ಕಳಚಿ, ತಿರುಗುತ್ತಲೇ ವೈಸಿನ ಮೇಲೆ ಬಿತ್ತು. ಎಂಡ್ ಮಿಲ್ ಸ್ಲಾಟಿನೊಳಗೆ ಮುರಿಯಿತು. ಅದೃಷ್ಟಕ್ಕೆ ಸಹಾಯಕನ ಕೈ ದೂರದ ಹಿಡಿಕೆಯ ಮೇಲಿತ್ತು.

ಚಕ್ಕು ಯಾಕೆ ಬಿತ್ತು ಎನ್ನುವುದು ತಿಳಿಯದಿದ್ದರೆ ಮುಂದಿನ ಯಾವ ನಿರ್ಧಾರವೂ ಅರ್ಥವಾಗುವುದಿಲ್ಲ. ಇಂಥ ಡ್ರಿಲ್ಲಿನಲ್ಲಿ ಚಕ್ಕನ್ನು ಬೋಲ್ಟು ಹಾಕಿ ಬಿಗಿದಿರುವುದಿಲ್ಲ. ಚಕ್ಕಿನ ಬೆನ್ನಿನಲ್ಲಿ ಒಂದು ಓರೆ ತೂತು, ಅದರೊಳಗೆ ಕೂರುವ ಓರೆ ಗೂಟ. ಎರಡನ್ನೂ ಹಿಡಿದಿರುವುದು ಬರೀ ಒತ್ತಡ, ಉಜ್ಜಾಟ. ತೂತು ಕೊರೆಯುವಾಗ ಬಲ ಕೆಳಗಿನಿಂದ ಮೇಲಕ್ಕೆ ಬರುತ್ತದೆ, ಹಾಗಾಗಿ ಕೊರೆದಷ್ಟೂ ಓರೆ ಇನ್ನೂ ಬಿಗಿಯಾಗುತ್ತದೆ. ಬದಿಯಿಂದ ನೂಕಿದಾಗ ಆಗುವುದು ತಿರುಗಾಮುರುಗ. ಗೂಟ ಒಳಗೇ ಸಣ್ಣಗೆ ಅಲುಗುತ್ತದೆ, ಪ್ರತಿ ಸುತ್ತಿಗೂ ಸಡಿಲವಾಗುತ್ತದೆ. ಮೇಲಾಗಿ ಎಂಡ್ ಮಿಲ್ಲಿನ ಸುರುಳಿ ಸ್ಕ್ರೂವಿನ ಹಾಗೆ ತನ್ನನ್ನು ತಾನೇ ಕೆಳಕ್ಕೆ ಎಳೆದುಕೊಳ್ಳುತ್ತದೆ. ಮೇಲಕ್ಕೆ ಒತ್ತುವ ಬಲ ಇಲ್ಲ, ಕೆಳಕ್ಕೆ ಎಳೆಯುವ ಬಲ ಇದೆ, ಬದಿಯ ಅಲುಗಾಟವೂ ಇದೆ. ಮೂರೂ ಸೇರಿದರೆ ಓರೆ ಬಿಡಲೇಬೇಕು. ಮಿಲ್ಲಿಂಗ್ ಮೆಷಿನಿನಲ್ಲಿ ಸ್ಪಿಂಡಲಿನ ಮೇಲಿನಿಂದ ಒಂದು ಉದ್ದ ಬೋಲ್ಟು ಇಳಿದು ಟೂಲ್ ಹೋಲ್ಡರನ್ನು ಮೇಲಕ್ಕೆ ಎಳೆದು ಹಿಡಿದಿರುತ್ತದೆ. ಸಾಮಾನ್ಯ ಡ್ರಿಲ್ಲಿನಲ್ಲಿ ಆ ಬೋಲ್ಟಿಗೆ ದಾರಿಯೇ ಇರುವುದಿಲ್ಲ.

ಹಾಳಾದ ಆ ಗಾರ್ಡಿನ ಸ್ಲಾಟು ಅಳೆದಾಗ ಅಗಲ 4.4 ಮಿ.ಮೀ. ಇತ್ತು, 4 ಮಿ.ಮೀ. ಎಂಡ್ ಮಿಲ್ಲಿನಿಂದ. ಗೋಡೆಗಳೂ ನೆಟ್ಟಗಿರಲಿಲ್ಲ.

ಮಾಡಿ ನೋಡಿದ ಮೂರು ಉಪಾಯ

ಓರೆಯನ್ನು ಸೀಮೆಎಣ್ಣೆಯಿಂದ ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ, ಚಕ್ಕಿನ ಹಲ್ಲುಗಳನ್ನು ಪೂರ್ತಿ ಒಳಗೆಳೆದು ಮರದ ಕೊಡತಿಯಿಂದ ಕೆಳಗಿನಿಂದ ಬಡಿದು ಕೂರಿಸಿದ್ದು ಮೊದಲ ಉಪಾಯ. ಚಕ್ಕು ಕೂರಿಸುವ ಸರಿಯಾದ ಕ್ರಮ ಇದೇ, ಓರೆಯಲ್ಲಿ ಎಣ್ಣೆಯ ಪಸೆ ಇರಲೇಬಾರದು. ಜೊತೆಗೆ ಪದರವನ್ನು 0.3 ಮಿ.ಮೀ.ಗೆ ಇಳಿಸಿದರು. ಚಕ್ಕು ನಿಂತಿತು. ಒಂದು ಗಾರ್ಡಿಗೆ ಮುಕ್ಕಾಲು ಗಂಟೆ ಹಿಡಿಯಿತು, ಸ್ಲಾಟಿನ ಅಗಲ ಮಾತ್ರ 4.3ರ ಕೆಳಗೆ ಬರಲಿಲ್ಲ.

ಈ ಹಂತದಲ್ಲಿ ವೈಸಿನ ದೋಷ ಬಯಲಿಗೆ ಬಂತು. ಹಿಡಿಕೆಯನ್ನು ಬಲಕ್ಕೆ ತಿರುಗಿಸಿ ನಿಲ್ಲಿಸಿ, ಆಮೇಲೆ ಎಡಕ್ಕೆ ತಿರುಗಿಸಿದರೆ ಸ್ವಲ್ಪ ಹೊತ್ತು ಹಿಡಿಕೆ ಮಾತ್ರ ತಿರುಗುತ್ತದೆ, ಸ್ಲೈಡು ಕದಲುವುದಿಲ್ಲ. ಸ್ಕ್ರೂವಿಗೂ ನಟ್ಟಿಗೂ ನಡುವೆ ಇರುವ ಈ ಖಾಲಿ ಓಟ ಆ ವೈಸಿನಲ್ಲಿ 0.6 ಮಿ.ಮೀ. ಇತ್ತು. ಎಂಡ್ ಮಿಲ್ಲಿನ ಹಲ್ಲು ಕೆಲಸವನ್ನು ತನ್ನತ್ತ ಎಳೆದುಕೊಳ್ಳುವ ದಿಕ್ಕಿನಲ್ಲಿ ಸರಿಸಿದರೆ, ಅಷ್ಟೂ ಖಾಲಿ ಓಟವನ್ನು ಸ್ಲೈಡು ಒಂದೇ ಏಟಿಗೆ ಹಾರುತ್ತದೆ. ಕೈ ಹಿಡಿಕೆಯ ಮೇಲಿದ್ದರೂ ಹಿಡಿತ ಕೈಯದಲ್ಲ. ಸ್ಲಾಟಿನ ಗೋಡೆಯಲ್ಲಿ ಕಂಡ ಮೆಟ್ಟಿಲು ಮೆಟ್ಟಿಲಾದ ಗುರುತುಗಳು ಇದರವೇ.

ಎರಡನೆಯ ಉಪಾಯವಾಗಿ ವೈಸಿನ ಸ್ಲೈಡುಗಳ ಪಕ್ಕದ ಗಿಬ್ ಪಟ್ಟಿಗಳನ್ನು ಬಿಗಿದರು. ಗಿಬ್ ಎಂದರೆ ಸ್ಲೈಡು ಜಾರುವ ಓರೆ ಪಕ್ಕದ ತೋಡಿನ (ಡವ್‌ಟೇಲ್) ಒಂದು ಪಕ್ಕದಲ್ಲಿ ಕೂರುವ ತೆಳು ಪಟ್ಟಿ. ಹೊರಗಿನ ಸಣ್ಣ ಸ್ಕ್ರೂಗಳು ಅದನ್ನು ಒತ್ತುತ್ತವೆ. ಸ್ಕ್ರೂವನ್ನು ಸ್ಲೈಡು ಸಿಕ್ಕಿಕೊಳ್ಳುವಷ್ಟು ಬಿಗಿದು ಕಾಲು ಸುತ್ತಿನ ಆಸುಪಾಸು ಹಿಂದೆ ಬಿಟ್ಟು, ಚೆಕ್ ನಟ್ಟು ಹಾಕಬೇಕು. ಇದರಿಂದ ಸ್ಲೈಡಿನ ಬದಿಯ ಅಲುಗಾಟ ಹೋಯಿತು. ಸ್ಕ್ರೂವಿನ 0.6 ಹಾಗೆಯೇ ಉಳಿಯಿತು, ಗಿಬ್ಬಿನಿಂದ ಅದು ಹೋಗುವಂಥದ್ದೂ ಅಲ್ಲ.

ಮೂರನೆಯದು ಎಲ್ಲಕ್ಕಿಂತ ದುಬಾರಿಯಾಯಿತು. ಬೇರಿಂಗ್ ಕೂರಿಸಲು ಬಳಸುವ ಅಂಟನ್ನು ಚಕ್ಕಿನ ಓರೆಗೆ ಹಾಕಿದರು. ಚಕ್ಕು ಜಪ್ಪಯ್ಯ ಅಂದರೂ ಬಿಡಲಿಲ್ಲ. ಆದರೆ ಆ ಗೂಟದ ಇನ್ನೊಂದು ತುದಿಯೂ ಸ್ಪಿಂಡಲಿನೊಳಗೆ ಓರೆಯಲ್ಲೇ ಕೂತಿರುತ್ತದೆ. ಈ ಸಲ ಅದು ಬಿಟ್ಟಿತು, ಚಕ್ಕು ಗೂಟದ ಸಮೇತ ಕೆಳಗೆ ಬಂತು. ಅಲ್ಲಿಗೆ ನಾಲ್ಕು ಗಾರ್ಡು, ಮೂರು ಎಂಡ್ ಮಿಲ್ ಹಾಳು. ಚಕ್ಕನ್ನು ಕೈಯಲ್ಲಿ ಹಿಡಿದು ಅಲುಗಿಸಿದರೆ ಮೊದಲಿಲ್ಲದ ಅಲುಗಾಟ ಸ್ಪಿಂಡಲಿನಲ್ಲಿ ಸಿಗುತ್ತಿತ್ತು. ಡ್ರಿಲ್ಲಿನ ಸಣ್ಣ ಬಾಲ್ ಬೇರಿಂಗುಗಳನ್ನು ಇಂಥ ಬದಿಯ ಹೊಡೆತಕ್ಕೆಂದು ಹಾಕಿರುವುದಿಲ್ಲ. ಬೇರಿಂಗ್ ಬದಲಿಸಬೇಕಾಯಿತು.

ದಾರಿ ಬದಲಾದದ್ದು

ಬೇರಿಂಗ್ ಹಾಕಿಕೊಡಲು ಬಂದವರು ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿ ನಿವೃತ್ತರಾದ ಹಿರಿಯರು. ವೈಸಿನಲ್ಲಿ ಇನ್ನೂ ಇದ್ದ ಅರ್ಧ ಸ್ಲಾಟಿನ ಗಾರ್ಡನ್ನು ನೋಡಿ ಅವರು ಕೇಳಿದ್ದು, "ಇದು ಎಂತ ಮಾರಾಯ, ಡ್ರಿಲ್ಲಿಗೆ ಬದಿಯಿಂದ ನೂಕುವುದಾ?" ಆಮೇಲೆ ಕೇಳಿದ ಪ್ರಶ್ನೆ ಹೆಚ್ಚು ಮುಖ್ಯವಾದದ್ದು: "ಈ ತೂತಿನಲ್ಲಿ ನಿಮಗೆ ಸಮ ಬೇಕಾದ್ದು ಎಷ್ಟು ಆಳ?"

ಯಜಮಾನರಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಯೋಚಿಸಿದರೆ, ಬಿಗಿ ಬೇಕಾದದ್ದು ಬ್ಲೇಡಿನ ಕಡೆಯ ಮುಖದಲ್ಲಿ ಮಾತ್ರ, ಹೆಚ್ಚೆಂದರೆ 2 ಮಿ.ಮೀ. ಆಳ. ಉಳಿದ 6 ಮಿ.ಮೀ. ಹಿಡಿಯ ಕಡೆಗೆ ಅಡಗುತ್ತದೆ, ಅಂಟು ತುಂಬಿಕೊಳ್ಳುತ್ತದೆ. ಅಲ್ಲಿ 0.2 ಮಿ.ಮೀ. ಸಡಿಲ ಇದ್ದರೆ ಬಾಲ ಸಿಕ್ಕಿಕೊಳ್ಳದೆ ಇಳಿಯಲು ಅನುಕೂಲವೇ. ಎಂಟು ಮಿಲಿಮೀಟರಿನ ಉದ್ದಕ್ಕೂ ಮೆಷಿನಿನ ನಿಖರತೆ ಬೇಕೆಂದುಕೊಂಡದ್ದೇ ತಪ್ಪು. ಎರಡು ಮಿಲಿಮೀಟರನ್ನು ಕೈ ಅರದಿಂದ ಕೂರಿಸಬಹುದು. ಪೀಳಿಗೆಗಳಿಂದ ಅರ ಹಿಡಿದು ಬಂದ ಮನೆಯಲ್ಲಿ ಅದು ದೊಡ್ಡ ವಿಷಯವೂ ಅಲ್ಲ.

ಹಾಗಾದರೆ ಕ್ರಾಸ್ ವೈಸ್ ಯಾವುದಕ್ಕೆ? ಅಲ್ಲಿ ತೆಗೆದುಕೊಂಡ ನಿರ್ಧಾರ ಇಷ್ಟು: ಬಿಟ್ಟು ಲೋಹದಲ್ಲಿ ಇರುವಾಗ ಹಿಡಿಕೆ ತಿರುಗಿಸುವುದೇ ಇಲ್ಲ. ಬಿಟ್ಟು ಮೇಲಿರುವಾಗ ಹಿಡಿಕೆಯಿಂದ ಜಾಗಕ್ಕೆ ತರುವುದು, ನಿಲ್ಲಿಸುವುದು, ನೆಟ್ಟಗೆ ಕೊರೆಯುವುದು. ಸಾಲಾಗಿ ತೂತು ಹಾಕಿ ನಡುವಿನ ಗೋಡೆಗಳನ್ನು ಕಡಿದು ಅರ ಹಾಕುವುದು. ಈ ಕೆಲಸದಲ್ಲಿ ವೈಸಿನ ಖಾಲಿ ಓಟದ ದೋಷವನ್ನು ನುಂಗಿಕೊಳ್ಳಬಹುದು, ಚಕ್ಕಿನ ಓರೆಗೂ ತೊಂದರೆಯಿಲ್ಲ.

ಸಾಲು ತೂತಿನ ಲೆಕ್ಕ

ಸೆಂಟರ್ ಪಂಚಿನಿಂದ ಕಣ್ಣಳತೆಗೆ ಗುರುತು ಹಾಕಿಯೂ ಸಾಲು ತೂತು ಕೊರೆಯಬಹುದು. ಆದರೆ 4 ಮಿ.ಮೀ. ಸ್ಲಾಟಿಗೆ 3.5 ಮಿ.ಮೀ. ಬಿಟ್ಟು ಹಾಕಿದರೆ ಪ್ರತಿ ಪಕ್ಕಕ್ಕೆ ಅರ ಹಾಕಲು ಉಳಿಯುವುದು ಕಾಲು ಮಿಲಿಮೀಟರ್. ಒಂದು ತೂತು ಅದಕ್ಕಿಂತ ಹೆಚ್ಚು ಬದಿಗೆ ಜಾರಿದರೆ ಗೋಡೆಯಲ್ಲಿ ಅರ್ಧ ಚಂದ್ರದ ಗುಳಿ ಉಳಿಯುತ್ತದೆ, ಅದು ಮುಖದ ಮೇಲೇ ಕಾಣುತ್ತದೆ. ಐದೂ ತೂತು ಒಂದೇ ಗೆರೆಯ ಮೇಲೆ ಕೂರಬೇಕು. ಕ್ರಾಸ್ ವೈಸ್ ಹಣಕ್ಕೆ ತಕ್ಕ ಕೆಲಸ ಕೊಡುವುದು ಇಲ್ಲಿ.

ಮೊದಲು ಸ್ಕ್ರೂ ಅಳೆದರು. ಡಯಲಿನ ಮೇಲೆ ಬರೆದದ್ದನ್ನು ನಂಬದೆ, ಹಿಡಿಕೆಯನ್ನು ಹತ್ತು ಸುತ್ತು ತಿರುಗಿಸಿ ಸ್ಲೈಡು ಎಷ್ಟು ಸರಿಯಿತು ಎಂದು ವರ್ನಿಯರಿನಲ್ಲಿ ನೋಡಿದರು: 30 ಮಿ.ಮೀ. ಅಂದರೆ ಒಂದು ಸುತ್ತಿಗೆ 3 ಮಿ.ಮೀ. ವೈಸಿನಿಂದ ವೈಸಿಗೆ ಇದು ಬೇರೆಯಾಗುತ್ತದೆ, ಅಳೆಯದೆ ಶುರುಮಾಡಬಾರದು.

ತೂತಿನ ಮಧ್ಯದಿಂದ ಮಧ್ಯಕ್ಕೆ 3.75 ಮಿ.ಮೀ. ಇಟ್ಟರು. ಅಂದರೆ ಒಂದೂಕಾಲು ಸುತ್ತು. ಡಯಲಿನ ಗೆರೆ ಎಣಿಸುವ ಕೆಲಸವೇ ಇಲ್ಲ. 3.5 ಬಿಟ್ಟಿಗೆ ತೂತುಗಳ ನಡುವೆ 0.25 ಗೋಡೆ ಉಳಿಯುತ್ತದೆ. ಐದು ತೂತಿಗೆ ನಾಲ್ಕು ಅಂತರ, 15 ಮಿ.ಮೀ.; ಎರಡು ತುದಿಯ ಅರ್ಧರ್ಧ ತೂತು ಸೇರಿ 18.5. ಬೇಕಾದದ್ದು 19. ಎರಡು ತುದಿಗೂ ಕಾಲು ಕಾಲು ಮಿಲಿಮೀಟರ್ ಅರದ ಪಾಲು. ಬಾಲದ ಅಗಲಕ್ಕೆ ತಕ್ಕ ಹಾಗೆ ಈ ಲೆಕ್ಕವನ್ನು ಮರುಹೊಂದಿಸುವುದಕ್ಕಿಂತ, ಬಾಲವನ್ನೇ ಈ ಲೆಕ್ಕಕ್ಕೆ ತಕ್ಕ ಹಾಗೆ ಅರೆದುಕೊಳ್ಳುವುದು ಸುಲಭ ಎನ್ನುವುದು ಆ ಶೆಡ್ಡಿನವರ ಅನುಭವ. ಒಪ್ಪತಕ್ಕ ಮಾತು.

ತೂತಿನ ಸಂಖ್ಯೆ ಬೆಸವಾಗಿರಬೇಕು. ಒಂದು, ಮೂರು, ಐದು ಮೊದಲು ಕೊರೆದು, ಎರಡು ಮತ್ತು ನಾಲ್ಕನ್ನು ಆಮೇಲೆ ಕೊರೆದರೆ, ಆ ಎರಡು ತೂತಿನ ಎರಡೂ ಪಕ್ಕಕ್ಕೆ ಸಮಾನವಾದ ತೆಳು ಗೋಡೆ ಇರುತ್ತದೆ. ಬಿಟ್ಟು ಯಾವ ಕಡೆಗೂ ವಾಲುವುದಿಲ್ಲ. ಒಂದರ ಪಕ್ಕ ಒಂದರಂತೆ ಕೊರೆಯುತ್ತಾ ಹೋದರೆ ಒಂದು ಪಕ್ಕ ಗಟ್ಟಿ ಹಿತ್ತಾಳೆ, ಇನ್ನೊಂದು ಪಕ್ಕ ಟೊಳ್ಳು. ಬಿಟ್ಟು ಟೊಳ್ಳಿನ ಕಡೆಗೆ ಜಾರಿ ಗೋಡೆಯನ್ನು ಒಡೆಯುತ್ತದೆ, ಕೆಲವೊಮ್ಮೆ ಸಿಕ್ಕಿಕೊಂಡು ಮುರಿಯುತ್ತದೆ. ಆ ಶೆಡ್ಡಿನಲ್ಲಿ ಈ ಕ್ರಮ ಗೊತ್ತಾಗುವ ಮೊದಲು ಎರಡು ಬಿಟ್ಟು ಹೀಗೆ ಹೋದವು.

ಹಿಂದಕ್ಕೆ ಬಂದು ಎರಡನೆಯ ತೂತಿಗೆ ನಿಲ್ಲಿಸುವಾಗ ಖಾಲಿ ಓಟ ಅಡ್ಡ ಬರುತ್ತದೆ. ಅದಕ್ಕೆ ಮಾಡುವುದು ಇಷ್ಟೇ: ಒಂದನೆಯ ತೂತಿನ ಜಾಗವನ್ನೂ ದಾಟಿ ಪೂರ್ತಿ ಒಂದು ಸುತ್ತು ಹಿಂದಕ್ಕೆ ಹೋಗಿ, ಮತ್ತೆ ಮುಂದಕ್ಕೆ ಬಂದು ನಿಲ್ಲಿಸುವುದು. ಯಾವ ತೂತಿಗಾದರೂ ಕೊನೆಯ ಚಲನೆ ಒಂದೇ ದಿಕ್ಕಿನದಾಗಿರಬೇಕು. ಆಗ 0.6 ಇದ್ದರೂ 1 ಮಿ.ಮೀ. ಇದ್ದರೂ ವ್ಯತ್ಯಾಸ ಬೀಳುವುದಿಲ್ಲ. ಹಿಂದೆಮುಂದೆ ಸರಿಯುವ ಸ್ಲೈಡನ್ನಂತೂ ಮೊದಲ ತೂತಿಗೆ ಮುಂಚೆಯೇ ಗಿಬ್ ಸ್ಕ್ರೂ ಬಿಗಿದು ಕಟ್ಟಿಹಾಕಬೇಕು. ಐದು ತೂತು ಮುಗಿಯುವವರೆಗೆ ಅದನ್ನು ಮುಟ್ಟುವಂತಿಲ್ಲ.

ಕೂರಿಸುವ ಕೆಲಸ

ವೈಸನ್ನು ಡ್ರಿಲ್ಲಿನ ಮೇಜಿಗೆ ಎರಡು ಬೋಲ್ಟಿನಿಂದ, ದಪ್ಪ ವಾಷರ್ ಹಾಕಿ ಬಿಗಿದರು. ಮೊದಲು ಅದನ್ನು ಬರೀ ಇಟ್ಟಿದ್ದರು, ಭಾರ ಇದೆ, ಕದಲುವುದಿಲ್ಲ ಎಂಬ ಧೈರ್ಯದಿಂದ.

ಮೇಜು ಸ್ಪಿಂಡಲಿಗೆ ಚೌಕವಾಗಿ, ಅಂದರೆ ಲಂಬವಾಗಿ, ಇದೆಯೇ ಎಂದು ನೋಡುವುದಕ್ಕೆ ದುಬಾರಿ ಉಪಕರಣ ಬೇಡ. ಒಂದು ತಂತಿಯನ್ನು ಬಾಗಿಸಿ ಚಕ್ಕಿಗೆ ಕಟ್ಟಿ, ತುದಿ ಮೇಜಿಗೆ ಕಾಗದದಷ್ಟು ದೂರ ಇರುವಂತೆ ಇಳಿಸಿ, ಚಕ್ಕನ್ನು ಕೈಯಿಂದ ಒಂದು ಸುತ್ತು ತಿರುಗಿಸಿದರೆ ಎಲ್ಲಿ ತಾಗುತ್ತದೆ, ಎಲ್ಲಿ ದೂರವಾಗುತ್ತದೆ ಎಂದು ಕಾಣುತ್ತದೆ. 1 ಡಿಗ್ರಿ ವಾಲಿದ್ದರೆ 8 ಮಿ.ಮೀ. ದಪ್ಪದಲ್ಲಿ ತೂತು 0.14 ಮಿ.ಮೀ. ಓರೆಯಾಗುತ್ತದೆ, ಅರದ ಪಾಲಿನ ಅರ್ಧಕ್ಕಿಂತ ಹೆಚ್ಚು ಅಲ್ಲೇ ಹೋಯಿತು. ಇದನ್ನು ಸರಿಮಾಡಲೇಬೇಕು. ವೈಸಿನ ದವಡೆ ಸ್ಲೈಡಿನ ಓಟಕ್ಕೆ ಸಮಾಂತರ ಇದೆಯೇ ಎಂಬ ಚಿಂತೆ ಅಷ್ಟಾಗಿ ಬೇಡ. ಗಾರ್ಡಿನ ತುಂಡನ್ನು ದೊಡ್ಡದಾಗಿಯೇ ಇಟ್ಟು, ಸ್ಲಾಟು ಮುಗಿದ ಮೇಲೆ ಸ್ಲಾಟನ್ನು ಆಧಾರವಾಗಿಟ್ಟುಕೊಂಡು ಹೊರ ಆಕಾರ ಕೊಟ್ಟರೆ ಆ ವ್ಯತ್ಯಾಸ ತಾನಾಗಿ ಅಳಿಸಿಹೋಗುತ್ತದೆ. ಆಕಾರ ಕೊಟ್ಟ ಗಾರ್ಡಿನಲ್ಲಿ ಸ್ಲಾಟು ಕೊರೆಯಹೊರಟರೆ ಎರಡು ಕಡೆಯ ಅಳತೆಯನ್ನೂ ಸಂಭಾಳಿಸಬೇಕು.

ವೈಸು ಬಿಗಿಯುವಾಗ ಜಾರುವ ದವಡೆ ಸ್ವಲ್ಪ ಮೇಲೇಳುತ್ತದೆ, ಜೊತೆಗೆ ಕೆಲಸವನ್ನೂ ಎತ್ತುತ್ತದೆ. ಕಣ್ಣಿಗೆ ಕಾಣದ ಈ ಎತ್ತರವನ್ನು ಹಿಡಿಯಲು ಸಹಾಯಕ ಕಲಿತ ಉಪಾಯ ಸೊಗಸಾದದ್ದು. ಹಿತ್ತಾಳೆ ತುಂಡಿನ ಕೆಳಗೆ ಎರಡು ಸಮ ಎತ್ತರದ ಕಬ್ಬಿಣದ ಪಟ್ಟಿ, ಪಟ್ಟಿಯ ಮೇಲೆ ಒಂದೊಂದು ಕಾಗದದ ಚೂರು. ಬಿಗಿದ ಮೇಲೆ ಕಾಗದವನ್ನು ಎಳೆದು ನೋಡುವುದು. ಒಂದು ಕಾಗದ ಜಾರಿ ಬಂದರೆ ಆ ಕಡೆ ತುಂಡು ಎದ್ದಿದೆ ಎಂದರ್ಥ. ಕೊಡತಿಯಿಂದ ಮೆಲ್ಲನೆ ಬಡಿದು ಮತ್ತೆ ನೋಡುವುದು. ಎರಡೂ ಕಾಗದ ಹರಿದರೆ ಹರಿಯಬೇಕು, ಜಾರಬಾರದು. ಪಟ್ಟಿಗಳ ನಡುವಿನ ಖಾಲಿ ಜಾಗದಲ್ಲಿ ಬಿಟ್ಟು ಹೊರಬರುವುದರಿಂದ ವೈಸಿನ ತಳಕ್ಕೂ ಗಾಯವಿಲ್ಲ.

ಇನ್ನೊಂದು ಕಡೆ ಬಹಳ ಜನ ಎಡವುತ್ತಾರೆ. ಈ ತರಹದ ಡ್ರಿಲ್ಲಿನ ಕಂಬ ಉರುಟು. ಎತ್ತರ ಬದಲಿಸಲು ಮೇಜನ್ನು ಸಡಿಲಿಸಿದ ಕೂಡಲೇ ಅದು ಕಂಬದ ಸುತ್ತ ತಿರುಗುತ್ತದೆ, ಅದುವರೆಗೆ ಕೂರಿಸಿದ ಜಾಗವೆಲ್ಲ ಹೋಯಿತು. ಮೊದಲು ಗಿಡ್ಡ ಸೆಂಟರ್ ಡ್ರಿಲ್ಲಿನಿಂದ ಗುಳಿ, ಆಮೇಲೆ ಉದ್ದನೆಯ ಬಿಟ್ಟಿನಿಂದ ತೂತು ಎಂದರೆ ನಡುವೆ ಮೇಜು ಇಳಿಸಬೇಕಾಗುತ್ತದೆ. ಮಾಮೂಲಿ 3.5 ಮಿ.ಮೀ. ಬಿಟ್ಟಿನ ಉದ್ದ 70 ಮಿ.ಮೀ. ಯಜಮಾನರು ತುದಿ ಮುರಿದ ಹಳೆಯ ಬಿಟ್ಟುಗಳನ್ನು 50 ಮಿ.ಮೀ.ಗೆ ಕಡಿದು ಮತ್ತೆ ತುದಿ ಅರೆದರು. ಉದ್ದದ ವ್ಯತ್ಯಾಸ ಸ್ಪಿಂಡಲಿನ ಇಳಿತದೊಳಗೇ ಅಡಗಿತು. ಗಿಡ್ಡ ಬಿಟ್ಟು ಬಾಗುವುದೂ ಕಡಿಮೆ.

ಹಿತ್ತಾಳೆಗೆ ಬಿಟ್ಟಿನ ಅಂಚು

ಹೊಸ ಬಿಟ್ಟನ್ನು ಹಾಗೆಯೇ ಹಿತ್ತಾಳೆಗೆ ಹಾಕಿದರೆ ಅದು ಲೋಹವನ್ನು ಕಚ್ಚಿ ತನ್ನನ್ನು ತಾನೇ ಒಳಗೆಳೆದುಕೊಳ್ಳುತ್ತದೆ, ಅದರಲ್ಲೂ ಆಚೆ ಬದಿಗೆ ಹೊರಬೀಳುವ ಹೊತ್ತಿಗೆ. ಕೈ ಹಿಡಿಕೆ ಜೋರಾಗಿ ಕೆಳಗೆ ಹಾರುತ್ತದೆ. ಕಬ್ಬಿಣಕ್ಕೆ ಬೇಕಾದ ಚೂಪಾದ ಕೊಕ್ಕೆಯಂಥ ಅಂಚು ಹಿತ್ತಾಳೆಗೆ ಬೇಡ. ನುಣ್ಣನೆಯ ಸಾಣೆಕಲ್ಲನ್ನು ಬಿಟ್ಟಿನ ಉದ್ದಕ್ಕೆ ಸಮವಾಗಿ ಹಿಡಿದು, ಎರಡೂ ಕಡಿಯುವ ಅಂಚಿನ ಮುಖವನ್ನು ನಾಲ್ಕೈದು ಸಲ ಉಜ್ಜಿದರೆ ಅಲ್ಲೊಂದು ಸಣ್ಣ ಚಪ್ಪಟೆ ಬರುತ್ತದೆ, 0.3 ಮಿ.ಮೀ. ಅಗಲ ಸಾಕು. ಆಮೇಲೆ ಬಿಟ್ಟು ಕಚ್ಚುವುದಿಲ್ಲ, ಕೆರೆಯುತ್ತದೆ. ಎರಡೂ ಅಂಚು ಸಮವಾಗಿರಲಿ, ಇಲ್ಲದಿದ್ದರೆ ತೂತು ದೊಡ್ಡದಾಗುತ್ತದೆ. ಹೀಗೆ ಮಾಡಿದ ಬಿಟ್ಟುಗಳಿಗೆ ಬಣ್ಣದ ಗುರುತು ಹಾಕಿ ಬೇರೆ ಡಬ್ಬಿಯಲ್ಲಿಡಬೇಕು, ಅವು ಕಬ್ಬಿಣಕ್ಕೆ ಬರುವುದಿಲ್ಲ.

ವೇಗ ಮೆಷಿನಿನಲ್ಲಿ ಇದ್ದಷ್ಟೂ ಇಡಬಹುದು. 3.5 ಮಿ.ಮೀ. ಬಿಟ್ಟಿಗೆ ಹಿತ್ತಾಳೆಯಲ್ಲಿ ನಿಮಿಷಕ್ಕೆ ಐದು ಸಾವಿರ ಸುತ್ತು ಕೂಡ ಹೆಚ್ಚಲ್ಲ, ಈ ಡ್ರಿಲ್ಲಿನ ಗರಿಷ್ಠ ವೇಗ ಅದರ ಅರ್ಧದಷ್ಟು. ಎಣ್ಣೆ ಬೇಡ. ಹಿತ್ತಾಳೆಯ ಪುಡಿ ಸೂಜಿಯಂತೆ ಸಿಡಿಯುವುದರಿಂದ ಕನ್ನಡಕ ಕಡ್ಡಾಯ. ತಿರುಗುವ ಚಕ್ಕಿನ ಹತ್ತಿರ ಕೈಗವಸು ಯಾವತ್ತೂ ಕೂಡದು.

ಅರ ಮತ್ತು ಮಸಿ

0.25ರ ಗೋಡೆಗಳನ್ನು ಕಡಿಯಲು ಹ್ಯಾಕ್ಸಾ ಬ್ಲೇಡಿನ ತುಂಡೊಂದನ್ನು ಬೆನ್ನಿನ ಕಡೆಯಿಂದ 3 ಮಿ.ಮೀ. ಅಗಲಕ್ಕೆ ಅರೆದು ತೂತಿನೊಳಗೆ ತೂರಿಸಿದರು. ಆಮೇಲೆ 3 ಮಿ.ಮೀ. ದಪ್ಪದ ಚಪ್ಪಟೆ ಅರ. ಈ ಅರದ ಒಂದು ಅಂಚಿನ ಹಲ್ಲನ್ನು ಅರೆದು ನುಣುಪು ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಉದ್ದದ ಗೋಡೆಗೆ ಅರ ಹಾಕುವಾಗ ತುದಿಯ ಮೂಲೆ ತಿಂದುಹೋಗುತ್ತದೆ.

ಅರವನ್ನು ಹಿಡಿಯ ಕಡೆಯಿಂದ ತೂರಿಸಿ, ಆ ಕಡೆ ಸ್ವಲ್ಪ ಹೆಚ್ಚು ತಿನ್ನುವಂತೆ ಕೂದಲಷ್ಟು ಓರೆಯಾಗಿ ಹಾಕಿದರು. ಬಿಗಿ ಎಲ್ಲಿದೆ ಎಂದು ನೋಡಲು ಬಾಲವನ್ನು ಎಣ್ಣೆ ದೀಪದ ಹೊಗೆಗೆ ಹಿಡಿದು ಮಸಿ ಹಿಡಿಸಿ, ಗಾರ್ಡನ್ನು ಅದರ ಮೇಲೆ ಇಳಿಸಿ ತೆಗೆದರೆ, ತಾಗಿದ ಕಡೆ ಸ್ಲಾಟಿನಲ್ಲಿ ಕಪ್ಪು ಚುಕ್ಕೆ. ಆ ಚುಕ್ಕೆಯನ್ನಷ್ಟೇ ಎರಡು ಉಜ್ಜು ಉಜ್ಜಿ, ಮತ್ತೆ ಮಸಿ. ಹತ್ತು ಹನ್ನೆರಡು ಸಲ ಹೀಗಾದ ಮೇಲೆ ಗಾರ್ಡು ಬ್ಲೇಡಿನ ಹೆಗಲಿಗೆ 1 ಮಿ.ಮೀ. ಉಳಿಯುವಲ್ಲಿ ನಿಲ್ಲುತ್ತದೆ. ಉಳಿದದ್ದನ್ನು ಮರದ ತುಂಡಿಟ್ಟು ಬಡಿದು ಕೂರಿಸುವುದು. ಹಿತ್ತಾಳೆ ಮೆದು, ಆ ಕೊನೆಯ ಬಿಗಿಯಲ್ಲಿ ಬಾಲದ ಆಕಾರಕ್ಕೆ ತಾನೇ ಒಗ್ಗಿಕೊಳ್ಳುತ್ತದೆ. ಅವಸರದಲ್ಲಿ 3 ಮಿ.ಮೀ. ಉಳಿದಿರುವಾಗಲೇ ಬಡಿದ ಒಂದು ಗಾರ್ಡು ತುದಿಯಲ್ಲಿ ಉಬ್ಬಿತು, ಅದನ್ನು ಬಿಸಾಡಬೇಕಾಯಿತು.

ಹಾಳಾದ ಐದರ ಬದಲಿಗೆ ಹೊಸ ತುಂಡು ಕಡಿದು ಹನ್ನೆರಡೂ ಮುಗಿಸಿದರು. ಕೊನೆಯ ಕೆಲವು ಗಾರ್ಡುಗಳಿಗೆ ತಲಾ ಮೂವತ್ತೈದು ನಿಮಿಷ ಹಿಡಿದಿತ್ತು, ಕೊರೆತ ಹತ್ತು, ಅರ ಇಪ್ಪತ್ತೈದು. ಎಂಡ್ ಮಿಲ್ಲಿನ ದಾರಿಗಿಂತ ಬೇಗ, ಸಂದಿಯೂ ಇಲ್ಲ.

ಪಿನ್ನಿನ ತೂತುಗಳು

ಆರು ಅಡುಗೆಮನೆ ಚೂರಿಗಳಲ್ಲಿ ಕ್ರಾಸ್ ವೈಸಿನ ಪಾಲು ಚಿಕ್ಕದು. ಮೂರು ಪಿನ್ನು, ನಡುವಿನ ಅಂತರ 36 ಮಿ.ಮೀ., ಹನ್ನೆರಡು ಸುತ್ತು. ಆದರೆ ಆಕಾರ ಕೊಟ್ಟ ಚೂರಿಯ ಅಂಚುಗಳು ಬಾಗಿರುವುದರಿಂದ ವೈಸಿನ ದವಡೆಗೆ ಸಿಗುವುದಿಲ್ಲ. ಎರಡು ಬಿಂದುಗಳಲ್ಲಿ ಸಿಕ್ಕಿ ನಡುವೆ ತಿರುಗುತ್ತದೆ. ತೂತನ್ನು ಪಟ್ಟಿ ನೆಟ್ಟಗಿರುವಾಗಲೇ, ಆಕಾರ ಕಡಿಯುವ ಮೊದಲು ಕೊರೆಯಬೇಕು. ಆಕಾರ ಆಗಿಹೋಗಿದ್ದರೆ ಹಲಸಿನ ಹಲಗೆಯೊಂದಕ್ಕೆ ಚೂರಿಯನ್ನು ಬಿಗಿದು, ಹಲಗೆಯನ್ನು ವೈಸಿನಲ್ಲಿ ಹಿಡಿಯುವುದು.

ಲಾರಿ ಪ್ಲೇಟಿನಲ್ಲಿ ಬಿಟ್ಟು ಸುಟ್ಟುಹೋಗುವುದು ಬಿಟ್ಟಿನ ತಪ್ಪಲ್ಲ, ಪ್ಲೇಟು ಬರುವಾಗಲೇ ಪಾಣ ಹಾಕಿದ್ದು, ಅಂದರೆ ಕಾಯಿಸಿ ಅದ್ದಿ ಗಟ್ಟಿ ಮಾಡಿದ್ದು, ಆಗಿರುತ್ತದೆ. ಆಯಸ್ಕಾಂತ ಹಿಡಿಯುವುದು ನಿಲ್ಲುವ ಕೆಂಪಿಗಿಂತ ತುಸು ಮೇಲಕ್ಕೆ ಕಾಯಿಸಿ, ಉಮಿಯ ಬೂದಿಯಲ್ಲಿ ಹೂತು ರಾತ್ರಿಯಿಡೀ ಬಿಟ್ಟರೆ ಮೆದುವಾಗುತ್ತದೆ. ಆಮೇಲೆ 5 ಮಿ.ಮೀ. ಬಿಟ್ಟಿಗೆ ನಿಮಿಷಕ್ಕೆ 950 ಸುತ್ತಿನ ಹತ್ತಿರ, ಎಣ್ಣೆ ಹಾಕಿ, ಬಿಡದೆ ಒತ್ತಿ ಕೊರೆಯುವುದು. ತೂತಿನ ಎರಡೂ ಬಾಯಿಯ ಚೂಪನ್ನು ದೊಡ್ಡ ಬಿಟ್ಟಿನಿಂದ ತೆಗೆದು ಆಮೇಲೆ ಪಾಣಕ್ಕೆ ಹಾಕಬೇಕು, ಎಣ್ಣೆಯಲ್ಲಿ ಅದ್ದುವಾಗ ಬಿರುಕು ಶುರುವಾಗುವುದು ಅಂಥ ಚೂಪು ಮೂಲೆಯಿಂದಲೇ. ಮರದ ಹಲಗೆಗಳಿಗೆ ಡಯಲು ಲೆಕ್ಕ ಬೇಡ. ಚೂರಿಯ ಬಾಲವನ್ನೇ ಹಲಗೆಯ ಮೇಲಿಟ್ಟು ಬಿಗಿದು ಅದರ ತೂತಿನ ಮೂಲಕ ಕೊರೆದರೆ ತಪ್ಪುವ ಪ್ರಶ್ನೆಯೇ ಇಲ್ಲ. ಎಲ್ಲಕ್ಕೂ ಕ್ರಾಸ್ ವೈಸ್ ಬಳಸಲು ಹೊರಟು ಮೊದಲ ಜೋಡಿ ಹಲಗೆಯಲ್ಲಿ ಅರ್ಧ ಮಿಲಿಮೀಟರ್ ತಪ್ಪಿದ್ದರು.

ಆಮೇಲೆ

ಶೆಡ್ಡಿನ ಗೋಡೆಯ ಮೇಲೆ ಈಗ ಸೀಮೆಸುಣ್ಣದಲ್ಲಿ "ಒಂದೂಕಾಲು ಸುತ್ತು, ಬಲಕ್ಕೆ ಬಂದೇ ನಿಲ್ಲಿಸುವುದು" ಎಂದು ಬರೆದಿದೆ. ವೈಸಿನ ಸ್ಲೈಡುಗಳಿಗೆ ಮೊದಲು ಮನೆಯ ತೆಂಗಿನೆಣ್ಣೆ ಹಾಕುತ್ತಿದ್ದರು. ಹಳತಾದಂತೆ ಅದು ಕಮಟಿ ಅಂಟಾಯಿತು, ಹಿತ್ತಾಳೆ ಪುಡಿಯೊಂದಿಗೆ ಸೇರಿ ಹಸಿರು ಕಿಲುಬು ಹಿಡಿಯಿತು. ಈಗ ಪ್ರತಿ ಕೆಲಸದ ನಂತರ ಬ್ರಷ್ಷಿನಿಂದ ಪುಡಿ ತೆಗೆದು ತೆಳು ಮೆಷಿನ್ ಎಣ್ಣೆ ಹಾಕುತ್ತಾರೆ. ಮಳೆಗಾಲದಲ್ಲಿ ಮೇಲೊಂದು ಎಣ್ಣೆ ಬಟ್ಟೆ ಹೊದಿಸುತ್ತಾರೆ.

ಇತ್ತೀಚೆಗೆ ಆರು ಸ್ಟೇನ್‌ಲೆಸ್ ಗಾರ್ಡಿನ ಆರ್ಡರೊಂದು ಬಂತು. ಇದೇ ಸಾಲು ತೂತಿನ ಕ್ರಮವನ್ನು, ವೇಗವನ್ನು ನಿಮಿಷಕ್ಕೆ 900 ಸುತ್ತಿಗೆ ಇಳಿಸಿ, ಒಂದು ತುಂಡಿನ ಮೇಲೆ ಮಾಡಿ ನೋಡಿದರು. ಮೂರನೆಯ ತೂತಿನಲ್ಲಿ ಕೈ ಒಂದು ಕ್ಷಣ ಹಗುರಾಯಿತು, ಬಿಟ್ಟು ಕೊರೆಯದೆ ಉಜ್ಜಿತು, ಅಷ್ಟಕ್ಕೆ ಲೋಹದ ಮೈ ಬಿಗಿದು ಗಟ್ಟಿಯಾಗಿ ಮುಂದೆ ಯಾವ ಬಿಟ್ಟೂ ಇಳಿಯಲಿಲ್ಲ. ತೂತಾದರೂ ಗೋಡೆ ಕಡಿದು ಅರ ಹಾಕುವ ಕೆಲಸ ಹಿತ್ತಾಳೆಯ ನಾಲ್ಕು ಪಟ್ಟು ಹಿಡಿಯುತ್ತಿತ್ತು. ಯಜಮಾನರು ಆ ಆರು ಗಾರ್ಡುಗಳ ಸ್ಲಾಟನ್ನು ಮಂಗಳೂರಿಗೆ ಮಿಲ್ಲಿಂಗಿಗೆ ಕಳಿಸಿದರು. 3.8 ಮಿ.ಮೀ.ಗೆ ಕಡಿದು ಕೊಡಿ ಎಂದು ಹೇಳಿ, ಕೊನೆಯ 0.2ನ್ನು ಶೆಡ್ಡಿನಲ್ಲೇ ಅರ ಹಾಕಿ ಕೂರಿಸಿದರು.